ನಾಲ್ಕು ಕೋರ್ ಲ್ಯಾಪ್‌ಟಾಪಿನಲ್ಲಿ ಎಂಟು ಕೋರ್ ಯಂತ್ರ: ಈ ಲೆಕ್ಕ ನಂಬಬಹುದಾ?

ಕಟಪಾಡಿ_ಕರ್ನಲ್
ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರ ಕೊನೇ ವರ್ಷದ ಸಿಎಸ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಎಕ್ಸ್‌ವಿ6 ತೆಗೆದುಕೊಂಡಿದ್ದೇವೆ, ರಿಸ್ಕ್-ವಿ ಎಂಬ ಪ್ರೊಸೆಸರ್ ವಿನ್ಯಾಸದ ಆವೃತ್ತಿ. ಗೊತ್ತಿಲ್ಲದವರಿಗೆ: ಎಂಐಟಿಯವರು ಪಾಠಕ್ಕೆಂದು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಖಾಲಿ ಪೇಜುಗಳೆಲ್ಲ (ಪೇಜ್ ಎಂದರೆ ಮೆಮೊರಿಯ ಒಂದು ತುಂಡು) ಒಂದೇ ಲಿಸ್ಟಿನಲ್ಲಿ ಇರುತ್ತವೆ, ಆ ಲಿಸ್ಟಿಗೆ ಒಂದೇ ಲಾಕ್, ಅಂದರೆ ಒಂದು ಸಲಕ್ಕೆ ಒಂದೇ ಸಿಪಿಯು ಅದನ್ನು ಮುಟ್ಟಬಹುದು. ಎಷ್ಟು ಸಿಪಿಯು ಇದ್ದರೂ ಎಲ್ಲವೂ ಆ ಲಾಕಿಗೇ ಕಾಯಬೇಕು. ನಾವು ಪ್ರತಿ ಸಿಪಿಯುಗೆ ಬೇರೆ ಲಿಸ್ಟ್, ಬೇರೆ ಲಾಕ್ ಮಾಡಿದೆವು. ತನ್ನದು ಖಾಲಿಯಾದರೆ ಪಕ್ಕದ ಸಿಪಿಯುವಿನಿಂದ ಪೇಜ್ ಕದಿಯುತ್ತದೆ.

ಸಮಸ್ಯೆ ಇಷ್ಟೇ. ಕ್ಯೂಎಮುವಿನಲ್ಲಿ (ಬೇರೆ ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲೇ ಅನುಕರಿಸುವ ಪ್ರೋಗ್ರಾಂ) ಓಡಿಸಿದರೆ ಎರಡು, ನಾಲ್ಕು ಸಿಪಿಯುವರೆಗೆ ಚಂದ ಬರುತ್ತದೆ. ಎಂಟು ಕೊಟ್ಟ ಕೂಡಲೇ ನಾಲ್ಕಕ್ಕಿಂತಲೂ ನಿಧಾನ. ಅದೂ ಪ್ರತಿ ಸಲ ಬೇರೆ ಬೇರೆ ಸಂಖ್ಯೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ನಾಲ್ಕು ಕೋರ್. ಗೈಡ್ "ಗ್ರಾಫ್ ಮೇಲೆ ಹೋಗಬೇಕಲ್ಲ?" ಅಂತ ಕೇಳುತ್ತಾರೆ. ಕೋಡ್ ತಪ್ಪಾ, ಕ್ಯೂಎಮು ತಪ್ಪಾ? ಕ್ಯೂಎಮು ಸಮಯವನ್ನು ರಿಪೋರ್ಟಿನಲ್ಲಿ ಹಾಕಬಹುದಾ?

ಗಡ್‌ಬಡ್_ಪ್ರಿಯ
ನಾಲ್ಕು ಕೋರಿನಲ್ಲಿ ಎಂಟು ಕೋರ್ ಓಡಿಸಿ ಜಾಸ್ತಿ ಸ್ಪೀಡ್ ಬಂದಿದ್ದರೆ ಪ್ರಾಜೆಕ್ಟ್ ಯಾಕೆ ಮಾರಾಯ, ನೇರ ನೊಬೆಲ್ಲಿಗೇ ಕಳಿಸಬಹುದಿತ್ತು.

ತೊಕ್ಕೊಟ್ಟು_ಟರ್ಮಿನಲ್
ಹಾಕಬಾರದು. ಕ್ಯೂಎಮು ಇರುವುದು ಕೋಡ್ ಸರಿಯಾಗಿ ಓಡುತ್ತದಾ ಎಂದು ನೋಡಲು, ಎಷ್ಟು ಬೇಗ ಓಡುತ್ತದೆ ಎಂದು ನೋಡಲು ಅಲ್ಲ. ಮುಗಿಯಿತು.

ಮಣ್ಣಗುಡ್ಡೆ_ಅಕ್ಕ
ಅಷ್ಟು ಬೇಗ ಮುಗಿಸಬೇಡಿ ಮಾರಾಯ್ರೆ, ಆ ಹುಡುಗನಿಗೆ ಯಾಕೆ ಅಂತ ಗೊತ್ತಾಗಬೇಕಲ್ಲ.

ಕ್ಯೂಎಮುವಿನಲ್ಲಿ ಈಗ ಪ್ರತಿ ಗೆಸ್ಟ್ ಸಿಪಿಯು (ಒಳಗಿನ ನಕಲಿ ಯಂತ್ರದ್ದು) ಎಂದರೆ ಹೋಸ್ಟಿಗೆ, ಅಂದರೆ ನಿನ್ನ ಲ್ಯಾಪ್‌ಟಾಪಿನ ಲಿನಕ್ಸಿಗೆ, ಒಂದು ಥ್ರೆಡ್, ಸರದಿಯಲ್ಲಿ ಓಡಿಸಬೇಕಾದ ಒಂದು ಕೆಲಸ ಅಷ್ಟೇ. ಎಂಟು ಥ್ರೆಡ್, ನಾಲ್ಕು ಕೋರ್. ಯಾವುದೇ ಕ್ಷಣ ನಾಲ್ಕು ಸಿಪಿಯು ನಿಂತೇ ಇರುತ್ತವೆ. ಎಕ್ಸ್‌ವಿ6ಗೆ ಇದು ಗೊತ್ತೇ ಇಲ್ಲ, ಎಂಟೂ ಓಡುತ್ತಿವೆ ಎಂದೇ ನಂಬಿರುತ್ತದೆ. ಈಗ ಲಾಕ್ ಹಿಡಿದ ಸಿಪಿಯುವನ್ನೇ ಲಿನಕ್ಸ್ ಬದಿಗೆ ಇಟ್ಟಿತು ಅಂದುಕೋ. ಉಳಿದವು ಆ ಲಾಕಿಗೆ ಗರಗರ ಸುತ್ತುತ್ತಾ ನಿನ್ನ ನಿಜವಾದ ಕೋರ್‌ಗಳನ್ನು ತಿನ್ನುತ್ತವೆ. ಬ್ಯಾಂಕಿನಲ್ಲಿ ಹಣದ ಪೆಟ್ಟಿಗೆಯ ಕೀ ಇದ್ದವನೇ ಊಟಕ್ಕೆ ಹೋದ ಹಾಗೆ. ವರ್ಚುವಲ್ ಯಂತ್ರಗಳಲ್ಲಿ ಇದು ಹಳೇ ಕಾಯಿಲೆ. ನಿಜವಾದ ಎಂಟು ಕೋರ್ ಯಂತ್ರದಲ್ಲಿ ಹೀಗೆ ಆಗುವುದಿಲ್ಲ. ಅಂದರೆ ನೀನು ಅಳೆದದ್ದು ನಿನ್ನ ಲಿಸ್ಟನ್ನು ಅಲ್ಲ, ಯಾವ ಥ್ರೆಡ್ ಯಾವಾಗ ಓಡಬೇಕು ಎಂದು ತೀರ್ಮಾನಿಸುವ ಲ್ಯಾಪ್‌ಟಾಪಿನ ಶೆಡ್ಯೂಲರನ್ನು.

ಪ್ರತಿ ಸಲ ಸಂಖ್ಯೆ ಬದಲಾಗುವುದೂ ಅದಕ್ಕೇ. ಪಕ್ಕದಲ್ಲಿ ಕ್ರೋಮ್ ತೆರೆದು ಇಟ್ಟಿದ್ದೀಯಾ?

ಕಟಪಾಡಿ_ಕರ್ನಲ್
ಇಟ್ಟಿದ್ದೆ ಅಕ್ಕ. ಯೂಟ್ಯೂಬ್ ಹಾಡೂ ಓಡುತ್ತಿತ್ತು.

ಗಡ್‌ಬಡ್_ಪ್ರಿಯ
ರಿಪೋರ್ಟಿನಲ್ಲಿ ಹಾಡಿನ ಹೆಸರೂ ಹಾಕು. ಪ್ರಯೋಗದ ಪರಿಸರ ಅಂತ ಒಂದು ಕಾಲಂ ಇರುತ್ತದಲ್ಲ.

ಪಣಂಬೂರು_ಪೈಪ್‌ಲೈನ್
ಐಕೌಂಟ್ ಆಪ್ಷನ್ ಹಾಕಿ ನೋಡಿ. ಆಗ ಕ್ಯೂಎಮು ಹೊರಗಿನ ಗಡಿಯಾರ ನೋಡುವುದಿಲ್ಲ, ಎಷ್ಟು ಇನ್‌ಸ್ಟ್ರಕ್ಷನ್ ಓಡಿತು ಎಂದು ಎಣಿಸಿ ಸಮಯ ಹೇಳುತ್ತದೆ. ಶಿಫ್ಟ್ ಸೊನ್ನೆ ಕೊಟ್ಟರೆ ಇನ್‌ಸ್ಟ್ರಕ್ಷನ್‌ಗೆ ಒಂದು ನ್ಯಾನೋಸೆಕೆಂಡ್. ಎಷ್ಟು ಸಲ ಓಡಿಸಿದರೂ ಸಂಖ್ಯೆ ಹೆಚ್ಚುಕಮ್ಮಿ ಅದೇ ಬರುತ್ತದೆ.

ಮಣ್ಣಗುಡ್ಡೆ_ಅಕ್ಕ
ಡಿಬಗ್ ಮಾಡಲು ಒಳ್ಳೆಯದು. ಇವನ ಕೆಲಸಕ್ಕೆ ಮಾತ್ರ ಆಗುವುದಿಲ್ಲ. ಐಕೌಂಟ್ ಹಾಕಿದರೆ ಎಲ್ಲ ಗೆಸ್ಟ್ ಸಿಪಿಯುಗಳೂ ಒಂದೇ ಥ್ರೆಡ್ಡಿನಲ್ಲಿ ಸರದಿಯ ಮೇಲೆ ಓಡುತ್ತವೆ, ಎಲ್ಲದರ ಇನ್‌ಸ್ಟ್ರಕ್ಷನ್ನೂ ಒಂದೇ ಗಡಿಯಾರಕ್ಕೆ ಜಮೆ. ಎಂಟು ಸಿಪಿಯು ಕೊಟ್ಟರೂ ಒಂದು ಕೊಟ್ಟರೂ ಒಟ್ಟು ಕೆಲಸ ಅಷ್ಟೇ, ಸಮಯವೂ ಅಷ್ಟೇ. ಸ್ಪೀಡಪ್ ಗ್ರಾಫ್ ಚಪ್ಪಟೆ. ಅದಲ್ಲದೆ ಅದರಲ್ಲಿ ಕ್ಯಾಶ್ (ಪ್ರೊಸೆಸರ್ ಪಕ್ಕದ ಪುಟ್ಟ, ವೇಗದ ಮೆಮೊರಿ) ಎಂಬುದೇ ಇಲ್ಲ. ಕ್ಯಾಶಿನಲ್ಲಿ ಸಿಕ್ಕ ಡೇಟಾಕ್ಕೂ ಮೆಮೊರಿವರೆಗೆ ಹೋಗಿ ತಂದ ಡೇಟಾಕ್ಕೂ ಒಂದೇ ಬೆಲೆ. ಲಾಕ್ ಇರುವ ಕ್ಯಾಶ್ ಲೈನ್, ಅಂದರೆ ಕ್ಯಾಶಿನ ಒಂದು ತುಂಡು, ಒಂದು ಕೋರಿನಿಂದ ಇನ್ನೊಂದಕ್ಕೆ ಹಾರುವುದೇ ಇವನ ಪ್ರಾಜೆಕ್ಟಿನ ಜೀವ. ಅದೇ ಕಾಣದಿದ್ದರೆ ಎಂತ ಅಳೆಯುವುದು?

ಪಣಂಬೂರು_ಪೈಪ್‌ಲೈನ್
ಸರಿ, ಒಪ್ಪಿದೆ. ಹಾಗಾದರೆ ಪ್ರೊಸೆಸರ್, ಕ್ಯಾಶ್‌ಗಳ ಸಮಯವನ್ನೂ ಲೆಕ್ಕ ಹಾಕುವ ಜೆಮ್5 ಸಿಮ್ಯುಲೇಟರ್ ಒಂದೇ ದಾರಿ. ಎಸ್‌ಇ ಮೋಡಿನಲ್ಲಿ ಹಾಕಿದರೆ ಬೂಟ್ ಮಾಡುವ ತಲೆಬಿಸಿಯೂ ಇಲ್ಲ.

ಬಿಜೈ_ಹಳಬ
ಎಸ್‌ಇ ಮೋಡಿನಲ್ಲಿ ಕೆರ್ನಲ್ಲೇ, ಅಂದರೆ ಆಪರೇಟಿಂಗ್ ಸಿಸ್ಟಮಿನ ತಿರುಳೇ, ಇರುವುದಿಲ್ಲ. ಪ್ರೋಗ್ರಾಂ ಸಿಸ್ಟಮ್ ಕಾಲ್ ಮಾಡಿದರೆ ಸಿಮ್ಯುಲೇಟರೇ ಉತ್ತರ ಕೊಟ್ಟು ಕಳಿಸುತ್ತದೆ. ಕೆರ್ನಲ್ ಲಾಕ್ ನೋಡಬೇಕಾದವನಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಫುಲ್ ಸಿಸ್ಟಮ್ ಮೋಡೇ ಬೇಕು: ಪ್ರೊಸೆಸರ್, ಕ್ಯಾಶ್, ಡಿಸ್ಕ್, ಟೈಮರ್, ಕನ್ಸೋಲ್ ಎಲ್ಲವೂ ಸಾಫ್ಟ್‌ವೇರಿನಲ್ಲಿ, ಅದರ ಮೇಲೆ ನಿಜವಾದ ಕೆರ್ನಲ್.

ಈ ಜಗಳ ಹೊಸತಲ್ಲ. ತೊಂಬತ್ತರ ದಶಕದಲ್ಲಿ ಜಾಸ್ತಿ ಜನ ಬರೀ ಯೂಸರ್ ಪ್ರೋಗ್ರಾಂ ಮಾತ್ರ ಸಿಮ್ಯುಲೇಟ್ ಮಾಡಿ ಪ್ರೊಸೆಸರ್ ಬಗ್ಗೆ ಪೇಪರ್ ಬರೆಯುತ್ತಿದ್ದರು. ಡೇಟಾಬೇಸ್, ಕಂಪೈಲ್, ವೆಬ್ ಸರ್ವರ್ ಇಂಥ ಕೆಲಸಗಳಲ್ಲಿ ಕೆರ್ನಲ್ ತಿನ್ನುವ ಸಮಯ ಅವರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಅವರ ವಿದ್ಯಾರ್ಥಿಗಳು ಸಿಮ್‌ಓಎಸ್ ಕಟ್ಟಿದ್ದು ಅದಕ್ಕೇ. 1995ರಲ್ಲಿ ಅದರ ಪೇಪರ್ ಬಂತು. ಎಸ್‌ಜಿಐ ಕಂಪನಿಯ ಮಿಪ್ಸ್ ಯಂತ್ರವನ್ನು ಇಡಿಯಾಗಿ ಸಿಮ್ಯುಲೇಟ್ ಮಾಡಿ ಅದರ ಮೇಲೆ ಆ ಕಂಪನಿಯದ್ದೇ ಆಪರೇಟಿಂಗ್ ಸಿಸ್ಟಮ್ ಐರಿಕ್ಸ್ ಬೂಟ್ ಮಾಡಿದರು. ಮಿಪ್ಸ್‌ನಲ್ಲಿ ಟಿಎಲ್‌ಬಿ (ಯಾವ ಪೇಜ್ ಮೆಮೊರಿಯಲ್ಲಿ ಎಲ್ಲಿದೆ ಎಂದು ನೆನಪಿಡುವ ಪುಟ್ಟ ಪಟ್ಟಿ) ಮಿಸ್ ಆದರೆ, ಅಂದರೆ ಬೇಕಾದದ್ದು ಅದರಲ್ಲಿ ಸಿಗದಿದ್ದರೆ, ಹಾರ್ಡ್‌ವೇರ್ ತಾನೇ ತುಂಬಿಕೊಳ್ಳುವುದಿಲ್ಲ, ಪ್ರತಿ ಸಲ ಕೆರ್ನಲ್ ಎದ್ದು ಬರಬೇಕು. ಕೆರ್ನಲ್ ಬಿಟ್ಟು ಅಳೆದವರಿಗೆ ಅದು ಕಾಣುವುದಾದರೂ ಹೇಗೆ?

ಕಟಪಾಡಿ_ಕರ್ನಲ್
ಸರ್, ಜೆಮ್5 ಫುಲ್ ಸಿಸ್ಟಮ್ ನೋಡಿದೆವು. ನಮ್ಮ ಟೀಮಿನವನು ಅದರ ಓ3 ಎಂಬ ತುಂಬಾ ವಿವರವಾದ ಪ್ರೊಸೆಸರ್ ಮಾಡೆಲ್ ಹಾಕಿ ಲಿನಕ್ಸ್ ಬೂಟ್ ಮಾಡಲು ಇಟ್ಟ. ರಾತ್ರಿ ಇಟ್ಟದ್ದು ಬೆಳಿಗ್ಗೆಯೂ ಬೂಟ್ ಆಗುತ್ತಲೇ ಇತ್ತು. ಆಮೇಲೆ ಮಳೆಗೆ ಕರೆಂಟ್ ಹೋಯಿತು, ಬ್ಯಾಟರಿ ಸತ್ತಿತು, ಎಲ್ಲ ಮೊದಲಿನಿಂದ.

ಗಡ್‌ಬಡ್_ಪ್ರಿಯ
ಆಷಾಢದಲ್ಲಿ ಜೆಮ್5 ಹಚ್ಚುವವರಿಗೆ ಯುಪಿಎಸ್ ಕಡ್ಡಾಯ ಮಾಡಬೇಕು.

ಕಾಪು_ಲೈಟ್‌ಹೌಸ್
ಕರೆಂಟಿನ ಮಾತು ತೆಗೆಯಬೇಡಿ. ನಮ್ಮಲ್ಲಿ ಮಧ್ಯಾಹ್ನ ಹೋದದ್ದು ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಬರೆಯುತ್ತಿದ್ದೇನೆ, ಪಕ್ಕದಲ್ಲಿ ಬಿಸಿ ಗೋಳಿಬಜೆ ಇರುವುದೊಂದೇ ಸಮಾಧಾನ.

ಗಡ್‌ಬಡ್_ಪ್ರಿಯ
ಚಟ್ನಿ ಉಂಟಾ?

ಕಾಪು_ಲೈಟ್‌ಹೌಸ್
ಚಟ್ನಿ ಇಲ್ಲದೆ ಗೋಳಿಬಜೆ ತಿನ್ನುವವರು ಯಾರು ಮಾರಾಯ್ರೆ.

ಮಣ್ಣಗುಡ್ಡೆ_ಅಕ್ಕ
ವಿಷಯಕ್ಕೆ ಬನ್ನಿ. ಓ3 ಹಾಕಿ ಬೂಟ್ ಮಾಡಿದರೆ ಹೀಗೇ ಆಗುವುದು. ಲೆಕ್ಕ ಹಾಕಿ ನೋಡಿ. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ ಸುಮಾರು 300 ಕೋಟಿ ಇನ್‌ಸ್ಟ್ರಕ್ಷನ್ ಓಡಿಸುತ್ತದೆ ಎನ್ನುವ. ಓ3 ಥರದ ವಿವರವಾದ ಮಾಡೆಲ್ ಸೆಕೆಂಡಿಗೆ ಒಂದು ಲಕ್ಷದ ಆಸುಪಾಸು ಓಡಿಸಿದರೆ, ನಿಜ ಯಂತ್ರದ ಒಂದು ಸೆಕೆಂಡಿಗೆ ಇಲ್ಲಿ 30,000 ಸೆಕೆಂಡ್. ಎಂಟು ಗಂಟೆಗೂ ಜಾಸ್ತಿ. ಅದೂ ಒಂದೇ ಕೋರಿಗೆ. ಜೆಮ್5 ಸಾಮಾನ್ಯವಾಗಿ ಒಂದೇ ಥ್ರೆಡ್ಡಿನಲ್ಲಿ ಓಡುವುದು, ಎಂಟು ಕೋರ್ ಎಂದರೆ ಆ ಹೊರೆಯೂ ಎಂಟು ಪಟ್ಟು.

ಹಾಗಾಗಿ ಬೂಟ್ ಮಾಡುವಾಗ ನಿಖರತೆ ಬೇಡವೇ ಬೇಡ. ಬೂಟ್ ಎಷ್ಟು ಸೈಕಲ್ ತಿಂದಿತು ಎಂದು ನಿನ್ನನ್ನು ಯಾರೂ ಕೇಳುವುದಿಲ್ಲ. ಬೇಗ ಓಡುವ ಮಾಡೆಲ್ ಹಾಕಿ ಬೂಟ್ ಮಾಡು, ನಿನ್ನ ಟೆಸ್ಟ್ ಶುರುವಾಗುವ ಬಾಗಿಲವರೆಗೆ ಹೋಗು, ಅಲ್ಲಿ ಚೆಕ್‌ಪಾಯಿಂಟ್ (ಯಂತ್ರದ ಆ ಕ್ಷಣದ ಸ್ಥಿತಿ) ತೆಗೆದು ಡಿಸ್ಕಿಗೆ ಇಡು. ಅಲ್ಲಿಂದ ಮುಂದೆ ನಿಧಾನದ ಮಾಡೆಲ್. ಕರೆಂಟ್ ಹೋದರೂ ಬೂಟ್ ಮತ್ತೆ ಮಾಡಬೇಕಾಗಿಲ್ಲ.

ಬಿಜೈ_ಹಳಬ
ಸಿಮ್‌ಓಎಸ್‌ನಲ್ಲೂ ಇದೇ ಉಪಾಯ. ಎಂಬ್ರಾ ಎನ್ನುವ ಮೋಡ್ ಮಿಪ್ಸ್ ಕೋಡನ್ನು ಓಡುತ್ತಿರುವಾಗಲೇ ಹೋಸ್ಟ್ ಕೋಡಿಗೆ ತರ್ಜುಮೆ ಮಾಡಿ ಬೇಗ ಓಡಿಸುತ್ತಿತ್ತು, ಮಿಪ್ಸಿ ಸರಳ ಪೈಪ್‌ಲೈನ್, ಎಂಎಕ್ಸ್‌ಎಸ್ ಔಟ್ ಆಫ್ ಆರ್ಡರ್ (ಇನ್‌ಸ್ಟ್ರಕ್ಷನ್‌ಗಳನ್ನು ಕ್ರಮ ಬದಲಿಸಿ ಓಡಿಸುವ) ಪ್ರೊಸೆಸರಿನ ಪೂರ್ತಿ ವಿವರ. ಓಡುತ್ತಿರುವಾಗಲೇ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದಿತ್ತು.

ಇದರ ಮುಂದಿನ ಕಥೆ ಗಮ್ಮತ್ತು ಉಂಟು. ಅದೇ ಗುಂಪಿಗೆ ಫ್ಲ್ಯಾಶ್ ಎಂಬ ದೊಡ್ಡ ಮಲ್ಟಿಪ್ರೊಸೆಸರ್ ಬೇಕಿತ್ತು, ಹಾರ್ಡ್‌ವೇರ್ ಇನ್ನೂ ತಯಾರಾಗಿರಲಿಲ್ಲ. ಒಂದೇ ಯಂತ್ರದ ಮೇಲೆ ಹಲವು ಐರಿಕ್ಸ್ ಓಡಿಸುವ ಡಿಸ್ಕೋ ಎಂಬ ಪದರವನ್ನು ಸಿಮ್‌ಓಎಸ್ ಮೇಲೆಯೇ ಕಟ್ಟಿ ಅಳೆದರು. 1997ರಲ್ಲಿ ಪೇಪರ್. ಮರುವರ್ಷ ಆ ತಂಡದ ರೋಸೆನ್‌ಬ್ಲಮ್, ಬುನ್ಯೋಂ, ಡಿವೈನ್ ಇನ್ನಿಬ್ಬರ ಜತೆ ಸೇರಿ ಶುರು ಮಾಡಿದ ಕಂಪನಿಯೇ ವಿಎಂವೇರ್. ಇವತ್ತು ಆಫೀಸಿನಲ್ಲಿ ನೀವು ಬೈದುಕೊಂಡು ತೆರೆಯುವ ವಿಎಂನ ಬೇರು ಅಲ್ಲಿಗೆ ಹೋಗುತ್ತದೆ.

ತೊಕ್ಕೊಟ್ಟು_ಟರ್ಮಿನಲ್
ಕಥೆ ಚೆನ್ನಾಗಿದೆ. ಆದರೂ ನನ್ನ ಪ್ರಶ್ನೆ ಉಳಿಯಿತು. ಇಷ್ಟೆಲ್ಲ ಯಾಕೆ? ಎಂಟು ಕೋರಿನ ಹಳೇ ಡೆಸ್ಕ್‌ಟಾಪ್ ಎಲ್ಲಾ ಲ್ಯಾಬಿನಲ್ಲೂ ಇರುತ್ತದೆ. ಲಿನಕ್ಸ್ ಹಾಕಿ, ಅಳೆಯುವ ಟೂಲ್ ಪರ್ಫ್ ಹಚ್ಚಿ, ನಿಜವಾದ ಸಂಖ್ಯೆ ತಗೊಳ್ಳಿ. ರಿಸ್ಕ್-ವಿಯೇ ಬೇಕೆಂದರೆ ವಿಷನ್‌ಫೈವ್ 2 ಬೋರ್ಡ್ ಸಿಗುತ್ತದೆ. ಸಿಮ್ಯುಲೇಟರ್ ಎಂದರೆ ಯಾರೋ ಬರೆದ ಊಹೆ. ಆ ಊಹೆಯ ಮೇಲೆ ಇನ್ನೊಂದು ಊಹೆ ಕಟ್ಟಿ ಗ್ರಾಫ್ ಮಾಡುವುದು, ಅದಕ್ಕೆ ಮಾರ್ಕ್ಸ್ ಬೇರೆ.

ಪಣಂಬೂರು_ಪೈಪ್‌ಲೈನ್
ಆ ಬೋರ್ಡಿನಲ್ಲೂ ನಾಲ್ಕೇ ಕೋರ್. ಅದೂ ಅಲ್ಲದೆ ಎಕ್ಸ್‌ವಿ6 ಬರೆದಿರುವುದು ಕ್ಯೂಎಮುವಿನ ವರ್ಟ್ ಎಂಬ ಕಾಲ್ಪನಿಕ ಯಂತ್ರಕ್ಕೆ. ಬೋರ್ಡಿಗೆ ತರಬೇಕಾದರೆ ಡ್ರೈವರ್ ಬರೆಯುತ್ತಾ ಸೆಮಿಸ್ಟರ್ ಮುಗಿಯುತ್ತದೆ.

ಬಿಜೈ_ಹಳಬ
ಟರ್ಮಿನಲ್ ಅವರೇ, ಯಂತ್ರ ಕೈಯಲ್ಲಿದ್ದರೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಇಲ್ಲದಾಗ? ಎಎಂಡಿ ತನ್ನ 64 ಬಿಟ್ ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರುಗಳ ವಿನ್ಯಾಸ) ವಿವರಗಳನ್ನು 2000ದಲ್ಲಿ ಹೊರಗೆ ಬಿಟ್ಟಿತು. ಆಪ್ಟೆರಾನ್ ಚಿಪ್ ಮಾರುಕಟ್ಟೆಗೆ ಬಂದದ್ದು 2003ರಲ್ಲಿ. ಚಿಪ್ ಬರುವ ಮೊದಲೇ ಲಿನಕ್ಸ್ ಅದಕ್ಕೆ ತಯಾರಾಗಿತ್ತು, ಯಾಕೆಂದರೆ ಪೋರ್ಟ್ ಮಾಡಿದವರು ಸಿಮ್ಯುಲೇಟರಿನಲ್ಲಿ ಬೂಟ್ ಮಾಡಿ ಕೆಲಸ ಮುಗಿಸಿದ್ದರು. ಸ್ವೀಡನ್ನಿನ ಸಿಮಿಕ್ಸ್ ಅದರಲ್ಲಿ ಒಂದು.

ಇನ್ನೊಂದು ವಿಷಯ. ನಿಜ ಯಂತ್ರ ಒಳಗೆ ಇಣುಕಲು ಬಿಡುವುದಿಲ್ಲ. ಯಾವ ಕ್ಯಾಶ್ ಲೈನ್ ಯಾವ ಕೋರಿನಿಂದ ಯಾವ ಕೋರಿಗೆ ಯಾವ ಕ್ಷಣ ಹೋಯಿತು ಎಂದು ನೋಡಬೇಕಾದರೆ ಕೌಂಟರುಗಳಲ್ಲಿ ಸಿಗುವುದು ಒಟ್ಟು ಲೆಕ್ಕ ಮಾತ್ರ. ನೋಡಲು ಕೋಡ್ ಸೇರಿಸಿದರೆ ಆ ಕೋಡೇ ಸಮಯ ತಿಂದು ರೇಸ್ (ಯಾರು ಮೊದಲು ಎಂಬುದರ ಮೇಲೆ ನಿಂತ ಬಗ್) ಮಾಯವಾಗುತ್ತದೆ. ಸಿಮ್ಯುಲೇಟರಿನಲ್ಲಿ ಯಂತ್ರವನ್ನು ನಿಲ್ಲಿಸಿ ನೋಡಿದರೂ ಒಳಗಿನ ಗಡಿಯಾರ ಓಡುವುದಿಲ್ಲ.

ತೊಕ್ಕೊಟ್ಟು_ಟರ್ಮಿನಲ್
ಬೂಟ್ ಆಗುವುದು ಬೇರೆ, ಸಮಯ ಸರಿ ಹೇಳುವುದು ಬೇರೆ. ಎಎಂಡಿ ಕಥೆ ಮೊದಲನೆಯದಕ್ಕೆ ಸಾಕ್ಷಿ ಅಷ್ಟೇ.

ಮಣ್ಣಗುಡ್ಡೆ_ಅಕ್ಕ
ಇದು ನ್ಯಾಯವಾದ ಮಾತು. ಇದಕ್ಕೆ ಸಾಕ್ಷಿಯನ್ನು ಆ ಸ್ಟ್ಯಾನ್‌ಫರ್ಡಿನವರೇ ಕೊಟ್ಟಿದ್ದಾರೆ. ಕೊನೆಗೂ ಫ್ಲ್ಯಾಶ್ ಯಂತ್ರ ತಯಾರಾದ ಮೇಲೆ ಅದರ ಅಳತೆಯನ್ನೂ ತಮ್ಮ ಸಿಮ್ಯುಲೇಟರುಗಳು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು 2000ದಲ್ಲಿ ಪೇಪರ್ ಬರೆದರು. ಹಲವು ಕಡೆ ತಾಳೆಯಾಗಲಿಲ್ಲ. ಒಂದು ದೊಡ್ಡ ಕಾರಣ ಟಿಎಲ್‌ಬಿ ಮಿಸ್: ಸಿಮ್ಯುಲೇಟರು ಅದಕ್ಕೆ ಹಾಕಿದ್ದ ಬೆಲೆ ನಿಜಕ್ಕಿಂತ ತುಂಬಾ ಕಮ್ಮಿ. ಪ್ರೊಸೆಸರನ್ನು ಜಾಸ್ತಿ ವಿವರವಾಗಿ ಮಾಡೆಲ್ ಮಾಡಿದ ಕೂಡಲೇ ಉತ್ತರ ಜಾಸ್ತಿ ಸರಿ ಬರುತ್ತದೆ ಎಂದೂ ಇರಲಿಲ್ಲ. ಯಾವುದನ್ನು ಬಿಟ್ಟಿದ್ದೀರಿ ಎಂಬುದೇ ಮುಖ್ಯ.

ಆದ್ದರಿಂದ "ಇಷ್ಟು ಮಿಲಿಸೆಕೆಂಡ್" ಎಂದು ಬರೆಯಬೇಡ. "ಒಂದೇ ಲಾಕ್ ಇದ್ದಾಗಿನದ್ದಕ್ಕಿಂತ ಕೋರ್‌ಗಳ ನಡುವೆ ಕ್ಯಾಶ್ ಲೈನ್ ಓಡಾಟ ಇಷ್ಟು ಪಾಲು ಕಮ್ಮಿ" ಎಂದು ಬರೆದರೆ ನಿಲ್ಲುತ್ತದೆ.

ಮುಲ್ಕಿ_ಎಂ1
ನಂದೂ ಒಂದು ಅನುಭವ, ಕ್ಯೂಎಮುವಿನ ಪರವೋ ವಿರೋಧವೋ ನೀವೇ ಹೇಳಿ. ಎಕ್ಸ್‌ವಿ6ನಲ್ಲೇ ನಾನೂ ನನ್ನ ಫ್ರೆಂಡೂ ಎರಡು ಸಿಪಿಯು ನಡುವೆ ಒಂದು ರಿಂಗ್ ಬಫರ್ ಬರೆದಿದ್ದೆವು, ಲಾಕ್ ಇಲ್ಲದ್ದು. ಒಬ್ಬ ಡೇಟಾ ಬರೆದು ಆಮೇಲೆ ಫ್ಲ್ಯಾಗ್ ಏರಿಸುತ್ತಾನೆ, ಇನ್ನೊಬ್ಬ ಫ್ಲ್ಯಾಗ್ ನೋಡಿ ಡೇಟಾ ಓದುತ್ತಾನೆ. ಅವನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಎಷ್ಟು ಹೊತ್ತು ಓಡಿದರೂ ಒಂದು ತೊಂದರೆ ಇಲ್ಲ. ಅದೇ ಕೋಡ್ ನನ್ನ ಎಂ1 ಮ್ಯಾಕಿನಲ್ಲಿ ಆಗೊಮ್ಮೆ ಈಗೊಮ್ಮೆ ಹಳೇ ಡೇಟಾ ಕೊಡುತ್ತಿತ್ತು. ಅವನು ಮ್ಯಾಕನ್ನು ಬೈದ, ನಾನು ಅವನನ್ನು ಬೈದೆ.

ಮಣ್ಣಗುಡ್ಡೆ_ಅಕ್ಕ
ಮಧ್ಯೆ ಫೆನ್ಸ್, ಅಂದರೆ ಕ್ರಮ ಕಾಯುವ ಇನ್‌ಸ್ಟ್ರಕ್ಷನ್, ಹಾಕಿರಲಿಲ್ಲ ಅಲ್ವಾ? ರಿಸ್ಕ್-ವಿ ನಿಯಮದಲ್ಲಿ ಎರಡು ಬರಹಗಳು ಬೇರೆ ಕೋರಿಗೆ ತಿರುಗುಮುರುಗಾಗಿ ಕಾಣಬಹುದು. ಎಕ್ಸ್86ನಲ್ಲಿ ಬರೆದದ್ದು ಬರೆದ ಕ್ರಮದಲ್ಲೇ ಕಾಣುತ್ತದೆ. ಕ್ಯೂಎಮು ಗೆಸ್ಟಿನ ಬರಹವನ್ನು ಹೋಸ್ಟಿನ ಬರಹವಾಗಿ ಮಾಡುವುದು ಅಷ್ಟೇ, ಹಾಗಾಗಿ ಇಂಟೆಲ್ ಮೇಲೆ ಓಡುವ ರಿಸ್ಕ್-ವಿ ಗೆಸ್ಟಿಗೆ ಇಂಟೆಲಿನ ಶಿಸ್ತು ಪುಕ್ಕಟೆ ಸಿಗುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಎಂ1 ಆರ್ಮ್, ಅಲ್ಲಿ ಆ ಶಿಸ್ತು ಇಲ್ಲ. ಜೆಮ್5ನ ಅಟಾಮಿಕ್ ಎಂಬ ಸರಳ ಮಾಡೆಲಿನಲ್ಲೂ ಈ ಬಗ್ ಹೊರಗೆ ಬರುವುದಿಲ್ಲ, ಅಲ್ಲಿ ಪ್ರತಿ ಬರಹವೂ ತಕ್ಷಣ ಮುಗಿದುಬಿಡುತ್ತದೆ.

ಮುಲ್ಕಿ_ಎಂ1
ಫೆನ್ಸ್ ಹಾಕಿದ ಮೇಲೆ ಸರಿಯಾಯಿತು ಹೌದು. ಫ್ರೆಂಡ್ ಮಾತ್ರ ಇವತ್ತಿಗೂ ಮ್ಯಾಕಿನದ್ದೇ ತಪ್ಪು ಎನ್ನುತ್ತಾನೆ.

ತೊಕ್ಕೊಟ್ಟು_ಟರ್ಮಿನಲ್
ನೋಡಿ, ನಾನು ಇದನ್ನೇ ಹೇಳಿದ್ದು. "ಸರಿಯಾಗಿ ಓಡುತ್ತದಾ" ಎಂಬುದಕ್ಕೂ ಕ್ಯೂಎಮು ಪೂರ್ತಿ ಗ್ಯಾರಂಟಿ ಅಲ್ಲ.

ಗಡ್‌ಬಡ್_ಪ್ರಿಯ
ಮೇಲೆ ನೀವೇ ಅದು ಇರುವುದೇ ಸರಿಯಾಗಿ ಓಡುತ್ತದಾ ನೋಡಲು ಅಂದಿದ್ದಿರಿ. ಸ್ಕ್ರಾಲ್ ಮಾಡಿ ನೋಡಿ ಬೇಕಾದರೆ.

ಕಟಪಾಡಿ_ಕರ್ನಲ್
ಅಕ್ಕ, ನೀವು ಹೇಳಿದ ಬೇಗದ ಮಾಡೆಲ್ ಯಾವುದು? ಅಟಾಮಿಕ್ ಹಾಕಿದರೂ ನಮ್ಮಲ್ಲಿ ನಿಧಾನವೇ. ಮತ್ತೆ ಎಕ್ಸ್‌ವಿ6 ಜೆಮ್5 ಮೇಲೆ ಏಳಲೇ ಇಲ್ಲ.

ಮಣ್ಣಗುಡ್ಡೆ_ಅಕ್ಕ
ಎಕ್ಸ್‌ವಿ6 ಹಟ ಬಿಡು. ಅದಕ್ಕೆ ಬೇಕಾದ ಡಿಸ್ಕ್, ಅಡ್ರೆಸ್‌ಗಳು ಕ್ಯೂಎಮುವಿನಂತೆಯೇ ಇರಬೇಕು, ಅದನ್ನು ಜೆಮ್5ಗೆ ಹೊಂದಿಸುವುದು ಬೇರೆಯೇ ಪ್ರಾಜೆಕ್ಟ್. ಅಲ್ಲೂ ಪೇಜ್ ಲಾಕ್ ಸರಿಮಾಡಿದ ಮೇಲೆ ನಿನ್ನ ಟೆಸ್ಟ್ ಬೇರೆ ಲಾಕಿಗೆ ತಾಗುತ್ತದೆ. ಫೋರ್ಕ್ ಮಾಡಿ (ಹೊಸ ಪ್ರೊಸೆಸ್ ಹುಟ್ಟಿಸಿ) ಎಗ್ಸಿಟ್ ಆಗುವ (ಅದು ಮುಗಿಯುವ) ಟೆಸ್ಟ್ ತಾನೇ? ಎಕ್ಸ್‌ವಿ6ನಲ್ಲಿ ಎಗ್ಸಿಟ್, ವೇಟ್ ಎರಡೂ ಒಂದೇ ವೇಟ್ ಲಾಕ್ ದಾಟಿ ಹೋಗಬೇಕು. ಹೊಸ ಪ್ರೊಸೆಸಿಗೆ ಜಾಗ ಹುಡುಕುವಾಗ 64 ಮನೆಗಳ ಟೇಬಲನ್ನು ಮೊದಲಿನಿಂದ ಒಂದೊಂದೇ ಲಾಕ್ ಹಾಕಿ ನೋಡುತ್ತದೆ. ಎಂಟು ನಿಜವಾದ ಕೋರ್ ಇದ್ದರೂ ಗ್ರಾಫ್ ಗೈಡ್ ಆಸೆಪಟ್ಟಷ್ಟು ಏರಲಿಕ್ಕಿಲ್ಲ.

ಜೆಮ್5ಗೆ ಲಿನಕ್ಸ್ ತಗೋ, ಎಕ್ಸ್86 ಗೆಸ್ಟ್. ರಿಸ್ಕ್-ವಿಯಲ್ಲೂ ಬೂಟ್ ಆಗುತ್ತದೆ, ಆದರೆ ಎಕ್ಸ್86 ಲ್ಯಾಪ್‌ಟಾಪಿನಲ್ಲಿ ಎಕ್ಸ್86 ಗೆಸ್ಟ್ ಇದ್ದರೆ ಕೆವಿಎಂ ಮಾಡೆಲ್ ಹಾಕಬಹುದು. ಆಗ ಗೆಸ್ಟ್ ಕೋಡ್ ನೇರವಾಗಿ ನಿನ್ನ ಪ್ರೊಸೆಸರ್ ಮೇಲೆ ಓಡುತ್ತದೆ, ಬೂಟ್ ಬೇಗ ಮುಗಿಯುತ್ತದೆ. ಡಿಸ್ಕ್ ಇಮೇಜ್, ಕೆರ್ನಲ್ ಎರಡೂ ಜೆಮ್5ನವರದ್ದೇ ತಯಾರಾಗಿ ಸಿಗುತ್ತವೆ. ನಿನ್ನದೇ ಪೇಜ್ ಅಲೊಕೇಟರನ್ನು (ಪೇಜ್ ಹಂಚುವ ಕೋಡ್) ಲಿನಕ್ಸ್ ಮಾಡ್ಯೂಲಾಗಿ ಬರೆದು, ಒಂದು ಲಾಕಿನದ್ದು, ಎಂಟು ಲಾಕಿನದ್ದು ಎರಡನ್ನೂ ಅದೇ ಕೆಲಸಕ್ಕೆ ಹಚ್ಚು. ಅಳೆಯುವ ಜಾಗದಿಂದ ಸಮಯ ಲೆಕ್ಕ ಹಾಕುವ ಟೈಮಿಂಗ್ ಮಾಡೆಲ್, ಮೆಮೊರಿಗೆ ಜೆಮ್5ನದ್ದೇ ರೂಬಿ ಮಾಡೆಲ್. ಕ್ಯಾಶ್ ಲೈನಿನ ಪ್ರತಿ ಓಡಾಟವನ್ನೂ ರೂಬಿ ಲೆಕ್ಕ ಇಡುತ್ತದೆ.

ಎರಡು ಜಾಗ್ರತೆ. ಚೆಕ್‌ಪಾಯಿಂಟಿನಿಂದ ಎದ್ದಾಗ ಕ್ಯಾಶ್ ಖಾಲಿ ಇರಬಹುದು. ಸ್ವಲ್ಪ ಹೊತ್ತು ಓಡಲು ಬಿಟ್ಟು, ಆಮೇಲೆ ಅಂಕಿಅಂಶ ಸೊನ್ನೆ ಮಾಡಿ ಅಳೆ. ಮತ್ತೆ ಸ್ಟ್ಯಾಟ್ಸ್ ಫೈಲಿನಲ್ಲಿ ಸಿಮ್‌ಸೆಕೆಂಡ್ಸ್ ಅಂತ ಒಂದು, ಹೋಸ್ಟ್‌ಸೆಕೆಂಡ್ಸ್ ಅಂತ ಒಂದು ಇರುತ್ತದೆ. ನಿನಗೆ ಬೇಕಾದದ್ದು ಮೊದಲನೆಯದು. ಎರಡನೆಯದು ನೀನು ಎಷ್ಟು ಹೊತ್ತು ಕಾದೆ ಎಂಬ ಲೆಕ್ಕ.

ಪಣಂಬೂರು_ಪೈಪ್‌ಲೈನ್
ಒಂದು ಒಳ್ಳೆಯದು, ಜೆಮ್5ನಲ್ಲಿ ಎಷ್ಟು ಸಲ ಓಡಿಸಿದರೂ ಅದೇ ಉತ್ತರ. ಕ್ಯೂಎಮು ಥರ ಅಲ್ಲಾಡುವುದಿಲ್ಲ. ಒಂದು ಸಲ ಓಡಿಸಿದರೆ ಸಾಕು.

ಮಣ್ಣಗುಡ್ಡೆ_ಅಕ್ಕ
ಅಯ್ಯೋ, ಬೇಡ ಬೇಡ! ಅದೇ ದೊಡ್ಡ ಮೋಸ. ಅಲ್ಲಾಡದೆ ಇರುವುದು ಸಿಮ್ಯುಲೇಟರಿನ ಗುಣ, ನಿಜ ಯಂತ್ರ ಅಲ್ಲಾಡುತ್ತದೆ. ವಿಸ್ಕಾನ್ಸಿನ್ನಿನ ಅಲಾಮೆಲ್ದೀನ್ ಮತ್ತು ವುಡ್ 2003ರಲ್ಲಿ ಇದನ್ನೇ ತೋರಿಸಿದರು. ಮೆಮೊರಿಗೆ ಹೋಗುವ ಪ್ರತಿ ಮಿಸ್ಸಿಗೆ ಕೆಲವೇ ನ್ಯಾನೋಸೆಕೆಂಡು ಗೊತ್ತುಗುರಿ ಇಲ್ಲದ ತಡ ಸೇರಿಸಿದರು. ಅಷ್ಟಕ್ಕೇ ಲಾಕ್ ಯಾರಿಗೆ ಮೊದಲು ಸಿಕ್ಕಿತು ಎಂಬುದು ಬದಲಾಗಿ, ಶೆಡ್ಯೂಲರ್ ಬೇರೆ ದಾರಿ ಹಿಡಿದು, ಕೊನೆಯ ಸಮಯವೇ ಬದಲಾಯಿತು. ಒಂದೊಂದೇ ಸಲ ಓಡಿಸಿ ಎರಡು ವಿನ್ಯಾಸ ಹೋಲಿಸಿದರೆ ಕೆಟ್ಟದ್ದೇ ಗೆದ್ದ ಹಾಗೆ ಕಾಣಬಹುದು. ಹಲವು ಸಲ ಓಡಿಸಿ, ಪ್ರತಿ ಸಲ ಮೆಮೊರಿ ತಡ ಚೂರು ಬದಲಿಸಿ, ಸರಾಸರಿಯ ಜತೆ ಏರಿಳಿತವನ್ನೂ ಹಾಕು.

ಪಣಂಬೂರು_ಪೈಪ್‌ಲೈನ್
ಇದು ನನಗೂ ಹೊಸತು. ಥ್ಯಾಂಕ್ಸ್ ಮೇಡಂ.

ಕಾಪು_ಲೈಟ್‌ಹೌಸ್
ಕರೆಂಟ್ ಬಂತು.

ಗಡ್‌ಬಡ್_ಪ್ರಿಯ
ಚೆಕ್‌ಪಾಯಿಂಟ್ ತೆಗೆದು ಇಡಿ ಬೇಗ!

ಕಟಪಾಡಿ_ಕರ್ನಲ್
ಕೆವಿಎಂ ಮಾಡೆಲ್ ಹಾಕಿದೆ. ಶುರುವಿನಲ್ಲೇ ಪರ್ಫ್ ಕೌಂಟರ್ ತೆರೆಯಲು ಆಗಲಿಲ್ಲ ಎಂದು ಹೇಳಿ ಬೀಳುತ್ತದೆ.

ಮಣ್ಣಗುಡ್ಡೆ_ಅಕ್ಕ
ಪ್ರಾಕ್ ಡೈರೆಕ್ಟರಿಯಲ್ಲಿ ಸಿಸ್, ಕೆರ್ನಲ್ ಒಳಗೆ ಪರ್ಫ್ ಇವೆಂಟ್ ಪ್ಯಾರನಾಯ್ಡ್ ಎಂಬ ಫೈಲ್ ಉಂಟು. ಉಬುಂಟುವಿನಲ್ಲಿ ಅದರ ಬೆಲೆ ಜಾಸ್ತಿ ಇಟ್ಟಿರುತ್ತಾರೆ. 1ಕ್ಕೆ ಇಳಿಸು. ಕೆವಿಎಂ ಗುಂಪಿಗೆ ನಿನ್ನ ಯೂಸರನ್ನೂ ಸೇರಿಸು, ಲಾಗೌಟ್ ಮಾಡಿ ಬಾ.

ಕಟಪಾಡಿ_ಕರ್ನಲ್
ಬೂಟ್ ಆಯಿತು ಅಕ್ಕ! ಶೆಲ್ ಬಂತು, ಎಂಟು ಸಿಪಿಯು ತೋರಿಸುತ್ತಿದೆ. ಲ್ಯಾಪ್‌ಟಾಪಿನಲ್ಲಿ ನಾಲ್ಕೇ ಇರುವಾಗ ಕೆವಿಎಂನಲ್ಲಿ ಮತ್ತೆ ಆ ಲಾಕಿನ ಸಮಸ್ಯೆ ಬರುವುದಿಲ್ವಾ?

ಮಣ್ಣಗುಡ್ಡೆ_ಅಕ್ಕ
ಬೂಟಿನಲ್ಲಿ ಬರಬಹುದು, ಬರಲಿ, ಅದನ್ನು ಅಳೆಯುತ್ತಿಲ್ಲ. ಟೈಮಿಂಗ್ ಮಾಡೆಲಿಗೆ ಬದಲಾದ ಮೇಲೆ ಎಂಟೂ ಕೋರ್ ಸಿಮ್ಯುಲೇಟರಿನ ಒಂದೇ ಗಡಿಯಾರದ ಪ್ರಕಾರ ಹೆಜ್ಜೆ ಹಾಕುತ್ತವೆ. ನಿನ್ನ ಲಿನಕ್ಸ್ ಜೆಮ್5 ಅನ್ನು ಮಧ್ಯದಲ್ಲಿ ನಿಲ್ಲಿಸಿದರೆ ಎಂಟೂ ಒಟ್ಟಿಗೇ ನಿಲ್ಲುತ್ತವೆ, ಒಳಗಿನವರಿಗೆ ಗೊತ್ತೇ ಆಗುವುದಿಲ್ಲ. ಕ್ರೋಮ್ ತೆರೆದು ಹಾಡು ಕೇಳು ಬೇಕಾದರೆ, ಹೋಸ್ಟ್‌ಸೆಕೆಂಡ್ಸ್ ಜಾಸ್ತಿ ಆಗುತ್ತದೆ ಅಷ್ಟೇ.

ತೊಕ್ಕೊಟ್ಟು_ಟರ್ಮಿನಲ್
ಕ್ಯೂಎಮುವಿನ ಹಳೇ ಗ್ರಾಫ್ ಎಂತ ಮಾಡುವುದು ಈಗ? ಡಿಲೀಟಾ?

ಬಿಜೈ_ಹಳಬ
ಬೇಡ, ಅದನ್ನೂ ಹಾಕಲಿ. ಲಾಕ್ ಹಿಡಿದ ಸಿಪಿಯುವನ್ನು ಹೋಸ್ಟ್ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆ ಚಿತ್ರ ಬೇರೆ ಇಲ್ಲ. ಎಕ್ಸ್‌ಟರ್ನಲ್ ಪರೀಕ್ಷಕರು ಖಂಡಿತ ಕೇಳುತ್ತಾರೆ.

ತೊಕ್ಕೊಟ್ಟು_ಟರ್ಮಿನಲ್
ಹಾಗಾದರೆ ಲ್ಯಾಬಿನ ಎಂಟು ಕೋರ್ ಡೆಸ್ಕ್‌ಟಾಪಿನಲ್ಲಿ ಅದೇ ಮಾಡ್ಯೂಲ್ ಓಡಿಸಿದ ಮೂರನೇ ಗೆರೆಯೂ ಇರಲಿ. ಅದೂ ಜೆಮ್5 ಗೆರೆಯೂ ಒಂದೇ ಕಡೆ ವಾಲುತ್ತವಾ ಇಲ್ವಾ ಅಂತ ನನಗೂ ನೋಡಬೇಕು.

ಕಟಪಾಡಿ_ಕರ್ನಲ್
ಲ್ಯಾಬಿನದ್ದು ಸೋಮವಾರ ಸಿಗಬಹುದು ಅಣ್ಣ. ಅಕ್ಕ, ಗೆಸ್ಟ್ ಒಳಗಿಂದ ಅಂಕಿಅಂಶ ಸೊನ್ನೆ ಮಾಡುವ ಕಮಾಂಡ್ ಎಲ್ಲಿ ಸಿಗುತ್ತದೆ?

ಮಣ್ಣಗುಡ್ಡೆ_ಅಕ್ಕ
ಎಂ5 ಅಂತ ಒಂದು ಸಣ್ಣ ಪ್ರೋಗ್ರಾಂ. ಜೆಮ್5 ಸೋರ್ಸಿನ ಯುಟಿಲ್ ಫೋಲ್ಡರಿನಲ್ಲಿ ಉಂಟು, ತಯಾರು ಇಮೇಜುಗಳಲ್ಲಿ ಮೊದಲೇ ಹಾಕಿರುತ್ತಾರೆ. ಶೆಲ್ಲಿನಲ್ಲಿ ಎಂ5 ಎಂದು ಟೈಪ್ ಮಾಡಿ ನೋಡು.

ಕಟಪಾಡಿ_ಕರ್ನಲ್
ಉಂಟು. ಟೈಮಿಂಗ್ ಮಾಡೆಲಿಗೆ ಬದಲಿಸಿ ಹಚ್ಚಿದ್ದೇನೆ.